ನಂಬುವವರ ಪಾಲಿಗೆ

ಒಂದು ಊರಿನಲ್ಲಿ ನೇಕಾರರ ಎರಡು ಓಣಿಗಳಿದ್ದವು. ಒಂದು ಓಣಿಯವರು ಕ್ರೈಸ್ತರು, ಇನ್ನೊಂದು ಓಣಿಯವರು ಲಿಂಗವಂತರು. ಮಗ್ಗದ ಸದ್ದು ಎರಡೂ ಕಡೆ ಒಂದೇ. ಕಣ್ಣು ಮುಚ್ಚಿಕೊಂಡು ನಡೆದರೆ ಯಾವ ಓಣಿಯಲ್ಲಿದ್ದೇವೆಂದು ತಿಳಿಯುತ್ತಿರಲಿಲ್ಲ.

ಸತ್ತ ಕ್ರಿಸ್ತನು ಸಮಾಧಿಯಿಂದ ಎದ್ದು ಬಂದನೆಂದು ಆಚರಿಸುವ ಈಸ್ಟರ್ ಹಬ್ಬಕ್ಕೆ ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ನಸುಕು ಹರಿಯುವ ಮುಂಚೆ ಕ್ರೈಸ್ತರೆಲ್ಲ ಕೆರೆಯ ಪಕ್ಕದ ಸಮಾಧಿ ತೋಟಕ್ಕೆ ಹೋಗುವರು. ಎಲ್ಲರ ಕೈಯಲ್ಲೂ ಮೇಣದಬತ್ತಿ, ಆದರೆ ಯಾರೂ ಹಚ್ಚುವುದಿಲ್ಲ. ಅವರವರು ತಮ್ಮವರ ಗೋರಿಯ ಪಕ್ಕ ಹೋಗಿ ಕತ್ತಲಲ್ಲಿ ನಿಲ್ಲುವರು. ಉರಿಯುವ ಬತ್ತಿ ಇರುವುದು ಚರ್ಚಿನ ಸಭೆಯ ಪಾದ್ರಿ ಅಯ್ಯನವರ ಕೈಯಲ್ಲಿ ಮಾತ್ರ. ಅವರು ಗಟ್ಟಿಯಾಗಿ, "ಕ್ರಿಸ್ತನು ಎದ್ದಿದ್ದಾನೆ" ಎನ್ನಬೇಕು. ಗೋರಿಗಳ ನಡುವಿನಿಂದ ಜನ, "ನಿಜವಾಗಿ ಎದ್ದಿದ್ದಾನೆ" ಎನ್ನಬೇಕು. ಆಮೇಲೆ ಬೆಂಕಿ ಬತ್ತಿಯಿಂದ ಬತ್ತಿಗೆ ದಾಟುತ್ತ ಹೋಗುವುದು. ದೂರದಿಂದ ನೋಡಿದವರಿಗೆ, ಮಲಗಿದವರೇ ಒಬ್ಬೊಬ್ಬರಾಗಿ ಕಣ್ಣು ಬಿಡುತ್ತಿದ್ದಾರೇನೋ ಎನಿಸುತ್ತಿತ್ತು.

ಇನ್ನೊಂದು ಓಣಿಯವರೂ ಬಂದು ತೋಟದ ಮೋಟು ಗೋಡೆಯಾಚೆ ನಿಲ್ಲುತ್ತಿದ್ದರು. ದೊಡ್ಡ ಪಾತ್ರೆಯಲ್ಲಿ ಚಹಾ ತರುತ್ತಿದ್ದರು. ಹಬ್ಬ ಅವರದಲ್ಲ, ನೆರೆಯವರದು. ಅಷ್ಟು ಸಾಕಾಗಿತ್ತು.

ಆ ವರ್ಷ ರೂತವ್ವ ಎಂಬ ಹೆಂಗಸು ಹೊಸ ಗೋರಿಯೊಂದರ ಪಕ್ಕ ನಿಂತಿದ್ದಳು. ಬಹಳ ಚಿಕ್ಕ ಗೋರಿ. ಅವಳ ಕೂಸು ಮೊಲೆ ಬಿಡುವ ಮೊದಲೇ ಜ್ವರ ಬಂದು ತೀರಿಹೋಗಿತ್ತು. ಅಂದಿನಿಂದ ಅವಳು ಚರ್ಚಿಗೆ ಕಾಲಿಟ್ಟಿರಲಿಲ್ಲ. ಹಿಂದಿನ ದಿನ ಅತ್ತೆಗೆ ಹೇಳಿದ್ದಳು:

"ನಾಳೆ ಬರ್ತೀನಿ ಅತ್ತಿ. ಆ ಒಂದು ಮಾತು ಕೂಸಿನ ಬಾಜೂಕ ನಿಂತು ಕೇಳಬೇಕು. ನನ್ನ ಬಾಯಿಂದ ಉತ್ತರ ಬಂತಂದ್ರ ಸಭಾದಾಗ ಇರ್ತೀನಿ. ಬರಲಿಲ್ಲಂದ್ರ ಇನ್ನ ಮ್ಯಾಲ ನನ್ನ ಕರೀಬ್ಯಾಡ್ರಿ."

ಅಯ್ಯನವರ ಹೆಸರು ಜಯಶೀಲ. ಬೇರೆ ಊರಿನಿಂದ ಬಂದವರು, ಇನ್ನೂ ಚಿಕ್ಕ ವಯಸ್ಸು. ಮನಸ್ಸು ಬಲು ಮೆತ್ತಗೆ. ಯಾರ ಮುಖ ಬಾಡಿದರೂ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಹಿಂದಿನ ವಾರ ಲಿಂಗವಂತರ ಓಣಿಯ ಹಿರಿಯ ನೀಲಕಂಠಪ್ಪನ ಮನೆಯಲ್ಲಿ ಯಾರೋ ನೆಂಟ ನಗುತ್ತ ಕೇಳಿದ್ದ: "ಅಯ್ನೋರ, ನಿಮ್ಮದು ನಿಜ ಆದ್ರ ನಮ್ಮದೆಲ್ಲ ಸುಳ್ಳೇನ್ರಿ?" ಮನೆಗೆ ಬಂದ ಮೇಲೂ ಆ ಪ್ರಶ್ನೆ ಅವರನ್ನು ಬಿಡಲಿಲ್ಲ. ಹಬ್ಬದ ಮಾತಿನ ಅಂಚನ್ನು ತುಸು ಸವರಿಬಿಟ್ಟರೆ ಯಾರಿಗೂ ಚುಚ್ಚುವುದಿಲ್ಲ ಎಂದುಕೊಂಡರು. ಅದೇ ಪ್ರೀತಿ ಎಂದೂ ಅಂದುಕೊಂಡರು.

ಕೆರೆಯ ಮೇಲಿಂದ ಮಂಜು ಗೋರಿಗಳ ನಡುವೆ ಹರಿದು ಬಂದಿತ್ತು. ಜನರ ಕಾಲುಗಳು ಕಾಣಿಸುತ್ತಿರಲಿಲ್ಲ. ಎಲ್ಲರೂ ನಿದ್ದೆಯಲ್ಲೇ ಎದ್ದು ಬಂದು ತೇಲುತ್ತಿರುವಂತೆ ಇದ್ದರು. ಅಯ್ಯನವರು ಬತ್ತಿಯನ್ನು ಎತ್ತಿ ಹಿಡಿದರು.

"ನಂಬುವವರ ಪಾಲಿಗೆ ಕ್ರಿಸ್ತನು ಎದ್ದಿದ್ದಾನೆ" ಎಂದರು.

ಉತ್ತರ ಬರಲಿಲ್ಲ. ತೆರೆದ ಬಾಯಿಗಳು ತೆರೆದೇ ಉಳಿದವು. ಯಾರೋ ಮುದುಕ ಕೆಮ್ಮಿದ.

"ಏನಂದ್ರು? ಎದ್ದಾನ ಅಂದ್ರೋ, ಇಲ್ಲ ಅಂದ್ರೋ?" ಎಂದು ಅವನ ಹೆಂಡತಿ ಪಿಸುಗುಟ್ಟಿದಳು.

"ಎರಡೂ ಅಂದಂಗಿತ್ತು" ಎಂದ ಮುದುಕ.

ಆಗ ಚಿಕ್ಕ ಗೋರಿಯ ಕಡೆಯಿಂದ ದನಿ ಬಂತು.

"ಅಯ್ನೋರ, ನನ್ನ ಕೂಸಿಗೆ ನಂಬೂ ವಯಸ್ಸ ಬರಲಿಲ್ಲರಿ. ಅದರ ಪಾಲಿಗೆ?"

ಅಯ್ಯನವರು ಮೆಲ್ಲಗೆ ಹೇಳಿದರು: "ರೂತವ್ವ, ನೀವು ನಂಬಿದರೆ ನಿಮ್ಮ ಪಾಲಿಗೆ ಅದು ನಿಜ."

"ನಾನು ನಂಬಿದ್ರ ಏಳತಾನ, ಬಿಟ್ರ ಮತ್ತ ಮಲಗತಾನೇನ್ರಿ? ಹಂಗಾದ್ರ ಅವನ್ನ ಎಬ್ಬಿಸಾಕಿ ನಾನ ಆದೆ. ಅಷ್ಟು ಶಕ್ತಿ ನನಗಿದ್ದಿದ್ರ, ನನ್ನ ಕೂಸನ್ನ ಎಬ್ಬಿಸತಿರಲಿಲ್ಲೇನು?"

ಅಯ್ಯನವರು ಗೋಡೆಯ ಕಡೆ ಕೈ ತೋರಿಸಿದರು. "ಅಲ್ಲಿ ನಿಂತವರ ಮನಸ್ಸು ನೋಯಬಾರದು ಎಂದು ಹಾಗೆ ಹೇಳಿದೆ" ಎಂದರು.

ಗೋಡೆಯಾಚೆಯಿಂದ ನೀಲಕಂಠಪ್ಪ ಕೇಳಿಸಿಕೊಂಡ.

"ನಮ್ಮ ಹೆಸರ ಯಾಕ ತರ್ತೀರಿ ಅಯ್ನೋರ? ನಿಮ್ಮ ಮಾತು ನಾವು ಒಪ್ಪಂಗಿಲ್ಲ. ನಿಮಗಿಂತ ಮೊದಲಿದ್ದ ಅಯ್ನೋರ ಕಾಲದಾಗೂ ಒಪ್ಪಿಲ್ಲ. ಅವರು ಹೇಳೂದು ಬಿಡಲಿಲ್ಲ, ನಾವು ಬರೂದು ಬಿಡಲಿಲ್ಲ. ಚಹಾಕ್ಕ ಸಕ್ಕರಿ ಹಾಕೀರೇನು ಅಂತ ಕೇಳಿದ್ರ, ಕುಡಿಯೋರ ಪಾಲಿಗೆ ಹಾಕೀವಿ ಅಂದಂಗಾತು ನಿಮ್ಮ ಮಾತು! ಹೆಣ್ಣಮಗಳು ಕೇಳಾಕತ್ಯಾಳ. ಹೌದಾದ್ರ ಹೌದನ್ರಿ, ಇಲ್ಲಾದ್ರ ಇಲ್ಲನ್ರಿ."

ಕರಗಿದ ಮೇಣ ಅಯ್ಯನವರ ಕೈ ಮೇಲೆ ಹರಿಯುತ್ತಿತ್ತು. ಅವರು ತಮ್ಮ ಜಾಗ ಬಿಟ್ಟು, ಮಂಜಿನಲ್ಲಿ ದಾರಿ ತಡವುತ್ತ, ಆ ಚಿಕ್ಕ ಗೋರಿಯ ಹತ್ತಿರ ಹೋದರು.

"ರೂತವ್ವ, ನಾನು ಕಣ್ಣಾರೆ ಕಂಡವನಲ್ಲ, ಕೇಳಿ ನಂಬಿದವನು. ಅನುಮಾನವೂ ಬರುತ್ತದೆ. ಆದರೆ ಅವನು ಎದ್ದಿದ್ದರೆ, ನಂಬದವರು ಇರುವ ಈ ಲೋಕದಲ್ಲೇ ಎದ್ದಿದ್ದಾನೆ. ಈ ಕೂಸು ಮಲಗಿರುವ ಮಣ್ಣಿನಿಂದಲೇ ಎದ್ದಿದ್ದಾನೆ. ಎದ್ದಿಲ್ಲದಿದ್ದರೆ, ನಾನು ಎಷ್ಟು ನಂಬಿದರೂ ಎದ್ದಿಲ್ಲ. ಎದ್ದಿದ್ದಾನೆ ಎಂದೇ ನಾನು ನಂಬಿದ್ದೇನೆ. ನನ್ನ ಮಾತು ನಿಮ್ಮನ್ನು ನೋಯಿಸಿತು, ಕ್ಷಮಿಸಿ."

ಆಮೇಲೆ ತಲೆಯೆತ್ತಿ, ಗೋಡೆಯಾಚೆಯವರಿಗೂ ಕೇಳುವಂತೆ ಹೇಳಿದರು: "ಕ್ರಿಸ್ತನು ಎದ್ದಿದ್ದಾನೆ."

"ನಿಜವಾಗಿ ಎದ್ದಿದ್ದಾನೆ" ಎಂಬ ದನಿ ತೋಟದ ಮೂಲೆ ಮೂಲೆಯಿಂದ ಬಂತು. ಮಂಜಿನೊಳಗಿಂದ ಬಂದದ್ದರಿಂದ ಯಾರ ದನಿ ಯಾವುದೆಂದು ತಿಳಿಯುತ್ತಿರಲಿಲ್ಲ. ನಿಂತವರದೆಷ್ಟು, ಮಲಗಿದವರದೆಷ್ಟು ಎಂದೂ ತಿಳಿಯುತ್ತಿರಲಿಲ್ಲ.

ರೂತವ್ವ ಮಾತ್ರ ಉತ್ತರ ಕೊಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೊಸೆ ಕೈತಪ್ಪಿದಳು ಎಂದೇ ಅವಳು ತಿಳಿದಳು. ಆದರೆ ರೂತವ್ವ ತನ್ನ ಬತ್ತಿಯನ್ನು ಅಯ್ಯನವರ ಬತ್ತಿಗೆ ಹಿಡಿದು ಹೊತ್ತಿಸಿಕೊಂಡಳು.

"ಹೌದನ್ನಾಕ ನನ್ನ ಬಾಯಿಗೆ ಇನ್ನೂ ಬರವಲ್ದು ಅತ್ತಿ" ಎಂದಳು. "ಆದ್ರ ಎದ್ದಾನಂದ್ರ ಅವನ ಜೋಡಿ ಜಗಳಾರ ಆಡಬಹುದು. ನನ್ನ ಕೂಸನ್ನ ಯಾಕ ಒಯ್ದಿ ಅಂತ ಕೇಳಬಹುದು. ನನ್ನ ಮನಸಿನಾಗಷ್ಟ ಇರಾವನ ಜೋಡಿ ಏನ ಜಗಳ? ಬರೂ ಭಾನುವಾರ ಚರ್ಚಿಗೆ ಬರ್ತೀನಿ. ಕೇಳಾಕ."

ಹೀಗೆಂದು ಅವಳು ಗೋರಿಯ ಪಕ್ಕ ಕುಳಿತಳು. ಆಗಲೇ ಜಗಳ ಶುರು ಮಾಡಿದಂತೆ ಅವಳ ತುಟಿಗಳು ಆಡುತ್ತಿದ್ದವು. ಬೆಳಗಾಗುವವರೆಗೂ ಅವಳನ್ನು ಯಾರೂ ಏಳಿಸಲಿಲ್ಲ.

ನೀತಿ: ಸತ್ಯ ನನಗೆ ಪೂರ್ತಿ ಕಂಡಿಲ್ಲ ಎನ್ನುವುದು ವಿನಯ. ನಂಬಿದವರಿಗೆ ಮಾತ್ರ ಅದು ಸತ್ಯ ಎನ್ನುವುದು ವಿನಯವಲ್ಲ. ನೆರೆಯವರ ಪ್ರೀತಿ ಉಳಿಸಿಕೊಳ್ಳಲು ನಂಬಿಕೆಯನ್ನು ಮಸುಕು ಮಾಡಬೇಕಾಗಿಲ್ಲ. ಒಪ್ಪದವನು ಎದುರು ನಿಂತು ಅಲ್ಲ ಎನ್ನುವುದಕ್ಕೂ, ದುಃಖದಲ್ಲಿರುವವನು ಒರಗಿಕೊಂಡು ಅಳುವುದಕ್ಕೂ, ಗಟ್ಟಿಯಾದ ಮಾತೇ ಬೇಕು.