ಕತ್ತರಿಸಿ ಎಸೆದ ಐದು ಗಂಟೆ

ಕೆರೆಯ ದಂಡೆಯ ಮೇಲೊಂದು ಸಂಶೋಧನಾಲಯ. ಅಲ್ಲಿ ನೀಲಾಂಬಿಕೆ ಎಂಬ ಗುರು, ಹೇಮರಾಜ ಎಂಬ ಶಿಷ್ಯ.

ದೂರದ ಗೆಲಾಕ್ಸಿಯೊಂದರ ನಟ್ಟನಡುವೆ ಇರುವ ದೈತ್ಯ ಕಪ್ಪುಕುಳಿಯನ್ನು ಇಬ್ಬರೂ ಎರಡು ವರ್ಷದಿಂದ ನೋಡುತ್ತಿದ್ದರು. ಕುಳಿ ಕಾಣುವುದಿಲ್ಲ. ಅದರೊಳಗೆ ಬೀಳುವ ಮೊದಲು ಕಾದು ಕೆಂಡವಾದ ಅನಿಲ ಎಕ್ಸ್‌ರೇ ಚೆಲ್ಲುತ್ತದೆ. ಉಪಗ್ರಹದ ಮೇಲಿನ ದೂರದರ್ಶಕ ಅದನ್ನು ಹಿಡಿದು ಕಳಿಸುತ್ತದೆ.

ಒಂದು ಮಧ್ಯಾಹ್ನ ಶಿಷ್ಯ ಬಂದು ಗುರುವಿನ ಕೋಣೆಯ ಬಾಗಿಲಲ್ಲಿ ನಿಂತ.

“ಮೇಡಂ, ನಾಳೆ ಸಮಿತಿಯವರು ಬರ್ತಾರೆ. ಹೊಸದೇನೂ ಸಿಕ್ಕಿಲ್ಲ ಅಂದ್ರೆ ನನ್ನ ಕೆಲಸ ಇಲ್ಲಿಗೇ ನಿಲ್ಲಿಸಿಬಿಡ್ತಾರೆ.”

“ಏನು ಸಿಕ್ಕಿದೆ, ಅದನ್ನ ತೋರಿಸು.”

ಅವನು ಲ್ಯಾಪ್‌ಟಾಪ್ ತೆರೆದ. ಬೆಳಕಿನ ಏರಿಳಿತ ತೋರಿಸುವ ಗೆರೆ ಎಡದಿಂದ ಬಲಕ್ಕೆ ಒಂದೇ ಸಮನೆ ಹೋಗಿತ್ತು.

“ಇಸ್ತ್ರಿ ಹಾಕಿದ ಹಾಗಿದೆ,” ಎಂದರು ಗುರು. “ನಡುವೆ ಇಲ್ಲೊಂದು ಹೊಲಿಗೆ ಕಾಣ್ತಿದೆಯಲ್ಲ?”

“ಅಲ್ಲಿ ಐದು ಗಂಟೆ ಬೆಳಕು ಬಿದ್ದುಹೋಗಿತ್ತು. ಯಂತ್ರ ತೂಕಡಿಸಿರಬೇಕು ಅಂತ ಅಷ್ಟನ್ನ ಕತ್ತರಿಸಿ, ಎರಡೂ ತುದಿ ಸೇರಿಸಿದೆ.”

“ಯಂತ್ರವನ್ನ ಕೇಳಿದ್ಯಾ?”

“ಅದನ್ನೇನು ಕೇಳೋದು ಮೇಡಂ? ಬೆಳಕು ಕಮ್ಮಿ ಆದ್ರೆ ದೋಷಾನೇ ಅಲ್ವಾ?”

ಗುರು ಎದ್ದರು. ಅವನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡರು.

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಒಳಗಿನಿಂದ ಗುಡುಗಿದ ಹಾಗೆ ಕೇಳಿತು: “ಹೇಮರಾಜ ಶತದಡ್ಡ!”

ಟೀ ತರುತ್ತಿದ್ದ ಪುಟ್ಟಲಿಂಗಮ್ಮ ಗಕ್ಕನೆ ನಿಂತಳು. “ಗೊತ್ತಿರೋದನ್ನ ಯಾಕಿಷ್ಟು ಕೂಗಿ ಹೇಳ್ತಾರಪ್ಪ?”

ಬಾಗಿಲು ತೆರೆಯಿತು.

“ಏನು ಕೇಳಿಸ್ತು?”

“ದಡ್ಡ ಅಂದದ್ದು.”

“ಅದಕ್ಕೆ ಮೊದಲು ನಿನ್ನ ಬಗ್ಗೆ ಮೂರು ಒಳ್ಳೇ ಮಾತು ಹೇಳಿದ್ದೆ.”

“ಅಯ್ಯೋ, ಅದು ಕೇಳಿಸಲೇ ಇಲ್ಲ! ಏನು ಹೇಳಿದ್ರಿ?”

“ಸಮಿತಿ ಮುಗಿದ ಮೇಲೆ ಹೇಳ್ತೀನಿ. ಮೆಲ್ಲಗೆ ಹೇಳಿದ್ದು ಯಾಕೆ ಕೇಳಿಸಲಿಲ್ಲ? ನನ್ನ ಗಂಟಲು ಕೆಟ್ಟಿತ್ತಾ?”

“ಗಂಟಲು ಕೆಟ್ಟಿದ್ರೆ ಕೂಗಿದ್ದೂ ಕೇಳಿಸ್ತಿರಲಿಲ್ಲ ಮೇಡಂ. ಬಾಗಿಲು ಅಡ್ಡ…”

ಅವನು ಒಳಗೆ ನುಗ್ಗಿ, ‘ಕಸ’ ಎಂದು ಹೆಸರಿಟ್ಟಿದ್ದ ಫೋಲ್ಡರ್ ತೆರೆದ. ಆ ಐದು ಗಂಟೆಯ ಕಿರಣಗಳನ್ನು ಶಕ್ತಿಗೆ ತಕ್ಕಂತೆ ಬೇರೆ ಮಾಡಿದ. ಕಡಿಮೆ ಶಕ್ತಿಯವು ಹೆಚ್ಚುಕಡಿಮೆ ಮಾಯ. ಹೆಚ್ಚು ಶಕ್ತಿಯವು ಎಂದಿನಂತೆ ಬಂದಿದ್ದವು.

“ಮೇಡಂ! ಯಂತ್ರ ಸರಿಯಾಗೇ ಇತ್ತು! ಆ ಕೆಂಡದ ಮುಂದೆ ಬಾಗಿಲಿನ ಹಾಗೆ ಏನೋ ಅಡ್ಡ ಹಾದುಹೋಗಿದೆ. ಅನಿಲದ ಮೋಡ!”

“ಪೂರ್ತಿ ಮುಚ್ಚೋಕೆ ಎಷ್ಟು ಹೊತ್ತು ತಗೊಂಡಿದೆ?”

“ಎರಡು ಗಂಟೆ. ಅಂದ್ರೆ… ಮೋಡದ ವೇಗ ಅಂದಾಜು ಮಾಡಿದ್ರೆ ಕೆಂಡ ಎಷ್ಟು ಅಗಲ ಅಂತ ಅಳೀಬಹುದು! ಅದೂ ನಮ್ಮ ದೂರದರ್ಶಕಕ್ಕೆ ಬರೀ ಒಂದು ಚುಕ್ಕಿಯಾಗಿ ಕಾಣೋದನ್ನ!”

ಅವನು ಕೋಣೆಯಲ್ಲಿ ಎರಡು ಸುತ್ತು ಹಾಕಿದ.

“ದಡ್ಡ ಅನ್ನಿಸಿಕೊಂಡು ಇಷ್ಟು ಕುಣಿಯೋರನ್ನ ಇವತ್ತೇ ನೋಡಿದ್ದು,” ಎಂದು ಪುಟ್ಟಲಿಂಗಮ್ಮ ಟೀ ಇಟ್ಟು ಹೋದಳು.

ಶಿಷ್ಯ ಬರೆಯಲು ಕೂತ. ನಾಲ್ಕು ಸಾಲು ಆಯಿತು. ಐದನೆಯದಕ್ಕೆ ಕೈ ತಡೆಯಿತು.

“ಮೇಡಂ, ಮೊದಲು ಇದನ್ನ ಎಸೆದಿದ್ದೆ ಅನ್ನೋದನ್ನೂ ಬರೀಬೇಕಾ? ಸಮಿತಿಯವರು ನಗ್ತಾರೆ.”

ಗುರು ಟೀ ಲೋಟ ಕೆಳಗಿಟ್ಟರು.

“ಬರಿ. ನಾನೂ ಬೇಕಾದಷ್ಟು ಎಸೆದಿದ್ದೀನಿ. ಏನೇನು ಅಂತ ಬರೆದಿಡಲಿಲ್ಲ.”