ಹುಲಿಗೆವ್ವನ ಮೂರು ಸಾಲು

ಶ್ರಾವಣದ ನೆರೆಯಲ್ಲಿ ಹುಲಿಗೆವ್ವನ ತಮ್ಮ ಗಾಳೆಪ್ಪ ಹೊಳೆಯ ಪಾಲಾದ. ಅವನು ಅಂಬಿಗ. ಹರಿಗೋಲು ಸಿಕ್ಕಿತು, ಅವನು ಸಿಗಲಿಲ್ಲ.

ಮಳೆ ನಿಂತು ಆಕಾಶ ತಿಳಿಯಾದ ಮೇಲೆ ಹುಲಿಗೆವ್ವ ಹೊಳೆದಂಡೆಯ ಆಶ್ರಮಕ್ಕೆ ಬಂದಳು. ಗುರು ಅಡವಯ್ಯನವರು ಅಂಗಳ ಗುಡಿಸುತ್ತಿದ್ದರು.

“ಈ ದುಃಖ ಕಳೆಯುವ ದಾರಿ ಹೇಳಿಕೊಡಿ. ಅಲ್ಲಿಯವರೆಗೆ ನಾನು ಇಲ್ಲಿಂದ ಏಳುವುದಿಲ್ಲ” ಎಂದಳು.

“ಬರೆಯಲು ಬರುತ್ತದೆಯೇ, ತಾಯಿ?”

“ಬರುತ್ತದೆ.”

ಗುರುಗಳು ಒಂದು ಹಲಗೆ, ಒಂದು ಬಳಪ ಕೊಟ್ಟರು.

“ದೀಪಾವಳಿಯವರೆಗೆ ದಿನಾ ಬೆಳಿಗ್ಗೆ ಆಕಾಶ ನೋಡು. ಕಂಡದ್ದನ್ನು ಮೂರು ಸಾಲಿನಲ್ಲಿ ಬರೆದು ತಾ.”

ಮರುದಿನ ಅವಳು ಬರೆದು ತಂದಳು.

ಮೋಡದ ಕಣ್ಣು ತುಂಬಿದೆ,
ಬಾನು ಎದೆ ಬಡಿದುಕೊಂಡಿದೆ,
ಹೊಳೆಗೆ ಕರುಣೆಯೇ ಇಲ್ಲ.

ಗುರುಗಳು ತಲೆಯೆತ್ತಿ ನೋಡಿದರು. ಆಶ್ವೀಜದ ಆಕಾಶ ನೀಲಿಯಾಗಿತ್ತು. ಒಂದು ಚೂರು ಮೋಡವೂ ಇರಲಿಲ್ಲ. ಅವರು ಒದ್ದೆ ಬಟ್ಟೆಯಿಂದ ಹಲಗೆ ಒರೆಸಿ ಕೈಗೆ ಕೊಟ್ಟರು.

ಆರು ದಿನ ಹೀಗೇ ನಡೆಯಿತು. ಏಳನೆಯ ದಿನ ಅವಳು ಹಲಗೆಯನ್ನು ಬಿಗಿಹಿಡಿದಳು.

“ನನ್ನ ದುಃಖ ಸುಳ್ಳೇ?”

“ಯಾರು ಹಾಗೆಂದರು? ಅದನ್ನೂ ಬರೆ. ಆಕಾಶದ ತಲೆಗೆ ಕಟ್ಟಬೇಡ, ಅಷ್ಟೆ.”

ಹುಲಿಗೆವ್ವ ಹಠ ಬಿಡಲಿಲ್ಲ. ನಸುಕಿಗೇ ಎದ್ದು ಬಂಡೆಯ ಮೇಲೆ ಕೂರತೊಡಗಿದಳು. ಮರುದಿನ ಹಲಗೆಯಲ್ಲಿ ಹೀಗಿತ್ತು:

ಬಿಳಿ ಮೋಡ ಎರಡು. ಗಾಳಿ ಇಲ್ಲ.
ಹೊಳೆಯ ಮೇಲೆ ಒಂದು ಗಿಡುಗ.
ನನಗೆ ಯಾರ ಮಾತೂ ಬೇಡ.

ಗುರುಗಳು ಎರಡು ಸಲ ಓದಿದರು. ಒರೆಸಲಿಲ್ಲ.

ದಿನಕ್ಕೊಂದು ಆಕಾಶ ಬಂತು. ಒಂದು ದಿನ ಮಂಜು, ಒಂದು ದಿನ ಬಿಸಿಲು, ಇದ್ದಕ್ಕಿದ್ದಂತೆ ಒಂದು ಬೆಳಿಗ್ಗೆ ಗುಡುಗು. ಕೊನೆಯ ಸಾಲೂ ಬದಲಾಗುತ್ತ ಬಂತು. ಸಿಟ್ಟು, ದಣಿವು, ಒಮ್ಮೆ ಬರೀ ಹಸಿವು.

ದೀಪಾವಳಿಗೆ ನಾಲ್ಕು ದಿನ ಇರುವಾಗ ಅವಳು ಖಾಲಿ ಹಲಗೆ ತಂದಳು.

“ಇವತ್ತು ಏನೂ ಕಾಣಲಿಲ್ಲವೇ?”

“ಕಂಡಿತು. ಬರೆದೆ. ನಾನೇ ಅಳಿಸಿದೆ.”

“ಏನು ಬರೆದಿದ್ದೆ?”

ಅವಳು ಹೇಳಿದಳು:

“ನೀಲಿ ಬಾನಿಂದ ಕೊಕ್ಕರೆ ಇಳಿಯಿತು, ಜಾರಿತು,
ಯಾರೂ ನೋಡಲಿಲ್ಲವೆಂಬಂತೆ ನಿಂತಿತು.
ನಾನು ನಕ್ಕೆ.”

“ಇದನ್ನು ಯಾಕೆ ಅಳಿಸಿದೆ?”

“ಬೆಳಗಿನಿಂದ ತಮ್ಮನ ನೆನಪೇ ಬಂದಿರಲಿಲ್ಲ. ಅವನು ನೀರಿನಲ್ಲಿ ಹೋದ. ನಾನು ನೀರಿನ ದಂಡೆಯಲ್ಲಿ ಕೂತು ನಗುತ್ತಿದ್ದೇನೆ.”

“ಗಾಳೆಪ್ಪ ಈ ಹೊಳೆಯ ಮೇಲೆ ಎಷ್ಟು ವರ್ಷ ಇದ್ದ?”

“ಹದಿನೆಂಟು.”

“ನಗುತ್ತಿರಲಿಲ್ಲವೇ?”

“ದಿನಾ ನಗುತ್ತಿದ್ದ. ಇಂಥದ್ದನ್ನು ಕಂಡರೆ ಕೈಯಲ್ಲಿದ್ದ ಹುಟ್ಟು ಬಿಟ್ಟು ನಗುತ್ತಿದ್ದ.”

ಆಮೇಲೆ ಅತ್ತಳು. ಗುರುಗಳು ತಡೆಯಲಿಲ್ಲ.

ಕಣ್ಣೊರೆಸಿಕೊಂಡು ಎದುರು ದಂಡೆ ನೋಡಿದಳು. ತಲೆಯ ಮೇಲೆ ಮೂಟೆ ಹೊತ್ತ ಇಬ್ಬರು ಹೆಂಗಸರು ಸೇತುವೆಯ ಕಡೆಗೆ ನಡೆಯುತ್ತಿದ್ದರು. ಸೇತುವೆ ಎರಡು ಹರಿದಾರಿ ದೂರ. ದಾಟಿಸುವವರಿಲ್ಲದೆ ಮೂರು ತಿಂಗಳಾಗಿತ್ತು.

“ದುಃಖ ಮತ್ತೆ ಬರುತ್ತದೆಯೇ, ಗುರುಗಳೇ?”

“ಬರುತ್ತದೆ.”

“ಬರಲಿ. ಹುಟ್ಟು ಹಾಕಲು ನನಗೂ ಅಪ್ಪ ಕಲಿಸಿದ್ದಾನೆ. ನಾಳೆಯಿಂದ ಹರಿಗೋಲು ನಾನೇ ನಡೆಸುತ್ತೇನೆ.”

ಮರುದಿನ ಬೆಳಿಗ್ಗೆ ಅವಳು ಹರಿಗೋಲನ್ನು ನೀರಿಗೆ ಇಳಿಸುವಾಗ ಗುರುಗಳು ದಂಡೆಗೆ ಬಂದರು. ಅವಳು ಹಲಗೆಯನ್ನು ಹಿಂದಕ್ಕೆ ಕೊಡಹೋದಳು.

“ಎರಡು ಕೈಯೂ ಹುಟ್ಟಿಗೇ ಬೇಕು. ಇನ್ನು ಬರೆಯಲು ಆಗುವುದಿಲ್ಲ.”

ಅಡವಯ್ಯನವರು ಹಲಗೆ ತೆಗೆದುಕೊಂಡು, ಪಂಚೆ ಎತ್ತಿ ಕಟ್ಟಿ, ಹರಿಗೋಲಿನೊಳಗೆ ಕಾಲಿಟ್ಟು ಕುಳಿತರು.

“ನೀನು ಹುಟ್ಟು ಹಾಕು. ಕಂಡದ್ದನ್ನು ಹೇಳುತ್ತ ಹೋಗು, ನಾನು ಬರೆದುಕೊಳ್ಳುತ್ತೇನೆ.”