ಎದುರು ಸೀಟಿನ ಅವ್ವ

ಕಂಪನಿ ಕೆಲಸಕ್ಕೆ ರೈಲಿನಲ್ಲಿ ಮುಂಬೈಗೆ ಹೊರಟ ಮ್ಯಾನೇಜರ್ ವಿಶ್ವಂಭರರಾಯರು, ಲ್ಯಾಪ್‌ಟಾಪಿನ ಚೀಲವನ್ನು ಗುಮಾಸ್ತ ತಿಪ್ಪಣ್ಣನ ತೊಡೆಯ ಮೇಲಿಟ್ಟರು.

"ಇದರಾಗಿನ ಒಂದು ಅಕ್ಷರ ಹೊರಗ ಬಿತ್ತಂದ್ರ ನಿನ್ನ ನೌಕರಿ ಹೋತು! ಉಣ್ಣಾಕೂ ಏಳಬ್ಯಾಡ."

ತಿಪ್ಪಣ್ಣ ಚೀಲ ತಬ್ಬಿಕೊಂಡು ಕೂತ. ರಾಯರು ಮಾತ್ರ ಹುಬ್ಬಳ್ಳಿಯಿಂದ ಬೆಳಗಾವಿಯವರೆಗೆ ಆಫೀಸಿನವರ, ಮನೆಯವರ ಜೊತೆ ಫೋನಿನಲ್ಲಿ ಕೂಗಿ ಕೂಗಿ ಮಾತಾಡಿದರು.

ಅವರು ಫೋನಿಟ್ಟ ಮೇಲೆ ತಿಪ್ಪಣ್ಣ, ಎದುರು ಸೀಟಿನಲ್ಲಿ ಶೇಂಗಾ ಸುಲಿಯುತ್ತಿದ್ದ ಮುದುಕಿಯನ್ನು ಕೇಳಿದ: "ಯವ್ವಾ, ನಮ್ಮ ಸಾಹೇಬ್ರು ಎಲ್ಲಿ ಇಳ್ಕೋತಾರ?"

"ಲಾಡ್ಜಿನಾಗ, ಎಂಟನೇ ನಂಬರ್ ರೂಮು. ಲ್ಯಾಪ್‌ಟಾಪಿನ ಪಾಸ್‌ವರ್ಡು ಸುಶೀಲಾ ಒಂದು ಎರಡು ಮೂರು. ಬಿಪಿ ಗುಳಿಗಿ ಮನ್ಯಾಗ ಮರ್ತು ಬಂದಾರ, ಪಾಪ."

ರಾಯರ ಮುಖ ಬಿಳಿಚಿತು. ತಿಪ್ಪಣ್ಣ ಚೀಲವನ್ನು ಅವರ ತೊಡೆಗೆ ದಾಟಿಸಿದ.

"ಇದನ್ನ ನೀವ ಹಿಡೀರಿ, ಸಾಹೇಬ್ರ. ನಾ ಈ ಅವ್ವನ್ನ ಕಾಯ್ತೀನಿ."

ಫೋನು ಮತ್ತೆ ಬಡಕೊಂಡಿತು. ರಾಯರು ಪಿಸುಗುಟ್ಟಿದರು.

"ಜೋರ್ಲೆ ಮಾತಾಡ್ರಿ," ಅಂದಳು ಮುದುಕಿ. "ಗುಳಿಗಿ ಏನಾತು?"